ಶಿವಗಂಗವ್ವನಿಗೆ ರೋಗ ಹಚ್ಚಿದವರು

ಮುಂದೆ ಚಾಪೆ ಹಿಡಿದು ಕೂತವರೇ, ಹಿಂದೆ ಕಂಬಕ್ಕೆ ಒರಗಿ ನಿಂತವರೇ, ಮುನ್ನೂರು ವರ್ಷದಾಚೆ ಉಸಿರಾಡುತ್ತಿರುವ ಹಿರಿಯರೇ, ಕೇಳಿರಿ. ಇಂದು ೨೩೩೧ರ ಹದಿಮೂರನೆಯ ತಿಂಗಳಿನ ಮೂವತ್ತೆರಡನೆಯ ದಿನ. ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಿದರೆ ಸಿಗದು. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಸಂಗನಬಸಪ್ಪ, ನಾಟಕ ಕಂಪನಿಯ ಪರದೆಯ ಹಿಂದೆ ಬೆಳೆದವನು, ಗದಗಿನ ಕೋಶಮನೆಯ ಕತೆಗಾರ.

ಕೋಶಮನೆ ಎಂದರೆ ಜನ ಕೊಟ್ಟುಹೋದ ಚರ್ಮದ ಚೂರಿನಿಂದ, ಯಾವ ಅಂಗವಾಗಿಯೂ ಬೆಳೆಯಬಲ್ಲ ಕಾಂಡಕೋಶ ಮಾಡಿ, ಅದನ್ನು ಮಿದುಳಿನ ಕೋಶವಾಗಿ ಬೆಳೆಸುವ ಜಾಗ. ಒಬ್ಬರ ಚೂರಿನಿಂದ ಹುಟ್ಟಿ, ಒಡೆದು ಒಡೆದು ಸಾಯದೆ ನಡೆಯುವ ಕೋಶಗಳಿಗೆ ನಾವು ಸಾಲು ಎನ್ನುತ್ತೇವೆ. ಸಾಲಿಗೆ ಕೊಟ್ಟವರದೇ ಹೆಸರು. ವರ್ಷಕ್ಕೊಮ್ಮೆ ಮನೆಯವರು ಬುತ್ತಿ ಕಟ್ಟಿಕೊಂಡು ಬಂದು, ಬೆಚ್ಚನೆಯ ಪೆಟ್ಟಿಗೆಯ ಗಾಜಿಗೆ ಹಣೆ ಹಚ್ಚುತ್ತಾರೆ. ಅವರೆದುರು ಹನ್ನೊಂದು ವರ್ಷ ಎದೆ ಉಬ್ಬಿಸಿ ಕೂಗಿದ್ದೇನೆ: "ನೋಡ್ರಿ, ನಿಮ್ಮ ಆಯಿ ಶಿವಗಂಗವ್ವ ಇಲ್ಲೇ ಅದಾರ. ಸತ್ತಿಲ್ಲ, ಉಸಿರಾಡಾಕತ್ತಾರ." ಜನ ಅಳುತ್ತಿದ್ದರು. ನನಗೆ ಅದು ಚಪ್ಪಾಳೆಗಿಂತ ರುಚಿ.

ನನ್ನ ಹೆಂಡತಿ ಶಂಕ್ರವ್ವನಿಗೆ ನಡುಕದ ರೋಗ. ಮಿದುಳು ದಿನಕ್ಕಿಷ್ಟು ಸಾಯುತ್ತಿದೆ. ರೊಟ್ಟಿ ತಟ್ಟುತ್ತಿದ್ದ ಕೈ ಈಗ ಲೋಟ ಹಿಡಿಯದು. ನಮ್ಮ ಎಂಜಿನಿಯರ್ ಮೆಹಬೂಬಿ ಶಿವಗಂಗವ್ವನ ಆರೋಗ್ಯವಂತ ಸಾಲನ್ನು ಎರಡು ಪಾಲು ಮಾಡಿ, ಒಂದರ ಜೀನಿನಲ್ಲಿ ಶಂಕ್ರವ್ವನ ರೋಗದ ದೋಷವನ್ನು ಕೂರಿಸಿದಳು. ಎರಡನ್ನೂ ಅಕ್ಕಪಕ್ಕ ಇಟ್ಟರೆ ರೋಗ ಮಾಡುವ ಹಾನಿಯಷ್ಟೇ ಬೇರೆಯಾಗಿ ಕಾಣುತ್ತದೆ. ತೊಂಬತ್ತನೆಯ ದಿನ, ಅವಳೇ ತಯಾರಿಸಿದ ಹೊಸ ಮದ್ದು ಹಾಕಿದ ರೋಗದ ಪಾಲು ಸಾಯುವುದನ್ನು ನಿಲ್ಲಿಸಿತು. ಆ ಹುರುಪಿನಲ್ಲಿ ನಾನು ನೋಡಲು ಬಂದ ಶಿವಗಂಗವ್ವನ ಮನೆಯವರ ಮುಂದೆ ಆಯಿಗೆ ರೋಗ ಹೊಕ್ಕಿದ್ದನ್ನು, ಕೈ ನಡುಗಿದ್ದನ್ನು, ಮದ್ದಿನಿಂದ ಎದ್ದದ್ದನ್ನು ಅಭಿನಯಿಸಿ ತೋರಿಸಿದೆ.

ಮೊಮ್ಮಗ ಬಾಳಪ್ಪನ ಮುಖ ಕಪ್ಪಿಟ್ಟಿತು. "ನೂರಾ ಎರಡು ವರ್ಷ ಬಾಳಿದಾಕಿ. ಒಮ್ಮೆನೂ ಕೈ ನಡುಗಿದ್ದಿಲ್ಲ. ಸತ್ತ ಮ್ಯಾಲೆ ಆಕೀಗೆ ರೋಗ ಹಚ್ಚೀರೇನು?"

ಮರುದಿನ ಮಟಮಟ ಮಧ್ಯಾಹ್ನ ಬಾಳಪ್ಪನೊಂದಿಗೆ ಇಪ್ಪತ್ತು ಜನ ಕೊಡಲಿ ಹಿಡಿದು ಬಂದರು. ಬಾಗಿಲು ಸೀಳಿತು. ಗಾಜು ಸಿಡಿಯಿತು. ಮಂಜುಗಟ್ಟಿಸಿ ಕಾದಿಟ್ಟ ಕೋಶಗಳ ಹಂಡೆ ಉರುಳಿ ಬಿಳಿ ಹೊಗೆ ಸೊಂಟದ ಮಟ್ಟಕ್ಕೆ ಏರಿತು. ಮೆಹಬೂಬಿ ಶಿವಗಂಗವ್ವನ ಸಾಲಿದ್ದ ಕೊನೆಯ ಪೆಟ್ಟಿಗೆಯನ್ನು ಅಪ್ಪಿ ಬಿದ್ದಳು. ಬಾಳಪ್ಪನ ಮೊದಲ ಏಟಿಗೆ ಅವಳ ಬಲಗೈ ಮಣಿಕಟ್ಟಿನಿಂದ ಹಾರಿತು, ಕೊರಳಿಗೆ ಬಿದ್ದ ಎರಡನೆಯದಕ್ಕೆ ಜೀವ. "ಆಯಿ, ನಿನ್ನ ಬಿಡಿಸ್ತೀನಿ ತಡಿ," ಎನ್ನುತ್ತ, ಗಳಗಳ ಅಳುತ್ತ, ಬಾಳಪ್ಪ ಪೆಟ್ಟಿಗೆಯನ್ನು ಕೊಚ್ಚಿದ. ನಾನು ಅವನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದೆ, ಅವನ ಕಿವಿಯಿಂದ ರಕ್ತ ಹರಿಯುವತನಕ. ಅವನ ಅಣ್ಣ ನನ್ನ ದವಡೆ ಮುರಿದ; ಅದು ಈಗಷ್ಟೇ ಕೂಡಿದೆ. ಕೋಶಗಳನ್ನು ಬೆಳೆಸುವ ಗುಲಾಬಿ ನೀರು ಮೆಹಬೂಬಿಯ ರಕ್ತದೊಂದಿಗೆ ಮೆಟ್ಟಿಲಿಳಿದು ಬೀದಿಗೆ ಹರಿಯಿತು.

ಹಿರಿಯರೇ, ನೀವು ಈ ಕೆಲಸವನ್ನು ಈಗಷ್ಟೇ ಶುರುಮಾಡಿದ್ದೀರಿ. ಚರ್ಮ ಕೊಡುವವರಿಗೆ ಬಣ್ಣ ಹಚ್ಚದೆ ಹೇಳಿರಿ: ಇದು ಕೋಶ, ನಿಮ್ಮ ಅವ್ವ ಅಲ್ಲ, ಆಯಿ ಅಲ್ಲ; ಇದಕ್ಕೆ ನಾವು ರೋಗ ಕೊಡುತ್ತೇವೆ, ಇದಕ್ಕೆ ನೋವಿಲ್ಲ. ಅವರು ಒಲ್ಲೆ ಎಂದರೆ ಕೈಮುಗಿದು ಕಳಿಸಿರಿ.

ಮದ್ದು ಮಾಡುವ ಬಗೆ ಮೆಹಬೂಬಿ ಬರೆದಿಟ್ಟ ವಹಿಯಲ್ಲಿದೆ. ಆದರೆ ಅದನ್ನು ಶಂಕ್ರವ್ವನಿಗೆ ಕೊಡುವ ಮೊದಲು ಮತ್ತೆ ಜೋಡಿ ಸಾಲು ಬೆಳೆಸಿ ನೋಡಬೇಕು, ವಹಿಯ ಹಳೆಯ ಲೆಕ್ಕಕ್ಕೆ ತಾಳೆ ನೋಡಲು ಅದೂ ಶಿವಗಂಗವ್ವನ ರಕ್ತಸಂಬಂಧದ್ದೇ ಆಗಬೇಕು. ಆ ಮನೆಯವರೆಲ್ಲ ಬಾಗಿಲು ಹಾಕಿಕೊಂಡರು. ಉಳಿದವನು ಬಾಳಪ್ಪ, ಜೈಲಿನ ಆಸ್ಪತ್ರೆಯಲ್ಲಿದ್ದಾನೆ. ನಾಳೆ ಬೆಳಿಗ್ಗೆ ಅವನ ಮಂಚದ ಪಕ್ಕ ಕೂತು ಹೇಳುತ್ತೇನೆ: ನಿನ್ನ ಆಯಿ ಎಂದೋ ನೆಮ್ಮದಿಯಿಂದ ಸತ್ತಳು, ಆಕೆಯನ್ನು ಯಾರೂ ಮುಟ್ಟಿರಲಿಲ್ಲ, ನಾನು ಹೇಳಿದ್ದು ಸುಳ್ಳು. ತಾನು ಮೆಹಬೂಬಿಯನ್ನು ಕೊಂದದ್ದು ನನ್ನ ಸುಳ್ಳಿಗಾಗಿ ಎಂದು ಆಗ ಅವನಿಗೆ ಗೊತ್ತಾಗುತ್ತದೆ. ಅದೇ ಗಳಿಗೆಯಲ್ಲಿ ಅವನ ತೋಳಿನಿಂದ ಜೋಳದ ಕಾಳಿನಷ್ಟು ಚರ್ಮ ಬೇಡುತ್ತೇನೆ.