ಅತ್ತೆಯ ಹೊಟ್ಟೆನೋವು

ಪೋತ್ನಾಳ
೧೨ ನವೆಂಬರ್ ೨೦೨೫

ಪ್ರೀತಿಯ ಅತ್ತೆಮ್ಮಾ,

ಹೇಗಿದ್ದೀರಿ? ನಿದ್ದೆ ಬರುತ್ತಿದೆಯೇ? ಉರಿ ಕಡಿಮೆಯಾಗಿದೆಯೇ? ಇಲ್ಲಿ ನಿಮ್ಮ ಮಗ, ನಿಮ್ಮ ಆಡುಗಳು, ನಾನು, ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಮಾತಾಡೋಣವೆಂದರೆ ದೇವದುರ್ಗದಲ್ಲಿ ನಿಮ್ಮ ಮಗಳ ಮನೆಯಲ್ಲಿ ಸ್ಪೀಕರ್ ಹಾಕಿ ಎಲ್ಲರೂ ಸುತ್ತ ಕೂರುತ್ತಾರೆ. ಅದಕ್ಕೇ ನಿಮ್ಮ ಸೀರೆಗಳ ಚೀಲದಲ್ಲಿ ಶೇಂಗಾ ಚಟ್ನಿಯ ಡಬ್ಬಿಯ ಜೊತೆ ಈ ಪತ್ರ ಬಚ್ಚಿಟ್ಟು ಕಳಿಸುತ್ತಿದ್ದೇನೆ. ಸಾಕ್ಷರತಾ ಶಾಲೆಯಲ್ಲಿ ನೀವು ಕಲಿತದ್ದು ಈಗಲಾದರೂ ಉಪಯೋಗಕ್ಕೆ ಬರಲಿ. ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ಯಾರ ಕೈಗೂ ಕೊಡದೆ ನೀವೇ ಓದಿಕೊಳ್ಳಿ. ಮಗಳು ದೇವಿಕಾಳಿಗೂ ಹೊಟ್ಟೆನೋವು ಎಂದೇ ಹೇಳಿದ್ದೀರಂತೆ, ಅವಳು ಮೂರು ಹೊತ್ತೂ ಗಂಜಿ ಕುಡಿಸುತ್ತಿದ್ದಾಳಂತೆ! ಖಾರವಿಲ್ಲದೆ ರೊಟ್ಟಿ ಮುಟ್ಟದ ನಿಮ್ಮನ್ನು ನೆನೆದು ನಗು ಬಂತು, ಆಮೇಲೆ ಅಳುವೂ ಬಂತು.

ನೋವು ಹೊಟ್ಟೆಯಲ್ಲಿಲ್ಲ. ಯೋನಿಯ ಹೊರತುಟಿಯ ಮೇಲಾದ ಹುಣ್ಣು ಕ್ಯಾನ್ಸರ್. ನೋಡಿ, ಬರೆದೇಬಿಟ್ಟೆ, ಪೆನ್ನೇನೂ ಸುಟ್ಟುಹೋಗಲಿಲ್ಲ. ರಾಯಚೂರಿನ ದವಾಖಾನೆಯಲ್ಲಿ ಆ ಮಾತು ಕೇಳಿದ ಮರುದಿನವೇ ನೀವು ದೇವದುರ್ಗದ ಬಸ್ ಹತ್ತಿದ್ದು ಯಾಕೆಂದು ನನಗೆ ಗೊತ್ತು. ನಿಮ್ಮ ಅಕ್ಕ, ಚೀಕಲಪರ್ವಿಯ ದೊಡ್ಡವ್ವ, ಕಣ್ಣ ಮುಂದೆ ಬಂದಿರಬೇಕು. ಇದೇ ರೋಗಕ್ಕೆ ಮೂವತ್ತು ವರ್ಷದ ಹಿಂದೆ ಅವರಿಗೆ ಎರಡೂ ತೊಡೆಸಂದಿನ ಗ್ರಂಥಿಗಳ ಸಮೇತ ಎಲ್ಲವನ್ನೂ ತೆಗೆದರು. ಕಾಲು ಬಾತು ಕಂಬದಂತಾಗಿ, ಸಾಯುವ ತನಕ ಅವರಿಗೆ ನೆಲದ ಮೇಲೆ ಕೂರಲಾಗಲಿಲ್ಲ. "ಹಂಗ ಬದುಕೂದಕ್ಕಿಂತ ಹಿಂಗ ಹೋಗೂದು ಚೊಲೋ" ಎಂದು ನೀವು ಒಲೆಯ ಮುಂದೆ ಅಂದದ್ದು ನನ್ನ ಎದೆಯಲ್ಲಿ ಇನ್ನೂ ಚುಚ್ಚುತ್ತಿದೆ. ಹಾಗೆ ಹೋಗಲು ನಾನು ಬಿಡುವುದಿಲ್ಲ.

ಹೋದ ಶುಕ್ರವಾರ ಒಬ್ಬಳೇ ಆ ದವಾಖಾನೆಗೆ ಹೋಗಿ ಡಾಕ್ಟರ್ ಸ್ವಪ್ನಾ ಅವರಿಗೆ ದೊಡ್ಡವ್ವನ ಕಥೆಯನ್ನೆಲ್ಲ ಹೇಳಿದೆ. "ನಿಮ್ಮ ಅತ್ತಿ ದಿನಾ ಏನ್ ಕೆಲಸ ಮಾಡ್ತಾರ್ರಿ, ಹೆಂಗ ಕುಂದರ್ತಾರ್ರಿ?" ಎಂದು ಕೇಳಿದರು. ಬಾಯಲ್ಲಿ ಹೇಳಲು ಬರದೆ ಅಲ್ಲೇ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಆಡಿನ ಹಾಲು ಹಿಂಡಿ ತೋರಿಸಿದೆ, ಕಾಲು ಮಡಚಿ ರೊಟ್ಟಿ ಬಡಿದೂ ತೋರಿಸಿದೆ. ನರ್ಸ್ ನಕ್ಕಳು, ಡಾಕ್ಟರ್ ಮಾತ್ರ ಬರೆದುಕೊಂಡರು. ಈಗ ಎಲ್ಲರಿಗೂ ಒಂದೇ ಅಳತೆಯ ಆಪರೇಷನ್ ಇಲ್ಲವಂತೆ. ನಿಮ್ಮ ಹುಣ್ಣು ಸಣ್ಣದು. ಅದನ್ನೂ ಅದರ ಸುತ್ತಲಿನ ಸ್ವಲ್ಪ ಚರ್ಮವನ್ನೂ ಮಾತ್ರ ತೆಗೆಯುತ್ತಾರಂತೆ. ಹುಣ್ಣಿನ ಹತ್ತಿರ ಬಣ್ಣದ ಔಷಧಿ ಚುಚ್ಚಿ, ಅದು ಮೊದಲು ಮುಟ್ಟುವ ಒಂದೆರಡು ಗ್ರಂಥಿಯನ್ನಷ್ಟೇ ತೆಗೆದು ಪರೀಕ್ಷಿಸುತ್ತಾರೆ. ಅವು ಚೊಕ್ಕ ಇದ್ದರೆ ಉಳಿದವನ್ನು ಮುಟ್ಟುವುದಿಲ್ಲ. ಇಲ್ಲದಿದ್ದರೆ ಮುಂದೆ ಇನ್ನಷ್ಟು ಚಿಕಿತ್ಸೆ ಬೇಕು ಎಂಬುದನ್ನೂ ಮುಚ್ಚಿಡಲಿಲ್ಲ. "ತಡಾ ಮಾಡಿದ್ರ ಇಷ್ಟು ಸಣ್ಣದರಾಗ ಮುಗಿಯೂದಿಲ್ರಿ" ಎಂದರು.

ನಿಮ್ಮ ಮಗನಿಗೆ ಎಲ್ಲ ಹೇಳಿದ್ದೇನೆ, ಬೈಯಬೇಡಿ. ಆಡಿನ ಹಟ್ಟಿಯ ಕಡೆ ಹೋಗಿ ಬಹಳ ಹೊತ್ತು ಬಿಟ್ಟು ಬಂದವರು, "ಸೋಮವಾರ ಕರಕೊಂಡು ಬರಾಕ ಹೋಗ್ತೀನಿ, ಅವ್ವ ತಯಾರಿರಲಿ" ಎಂದಷ್ಟೇ ಅಂದರು. ಚಟ್ನಿಯನ್ನು ಇವತ್ತೇ ತಿನ್ನಿ, ನಿಮ್ಮ ಹೊಟ್ಟೆಗೆ ಏನೂ ಆಗಿಲ್ಲ.

ದೇವಿಕಾಳನ್ನು ಕೇಳಿದೆನೆಂದು ಹೇಳಿ, ಅವಳ ಮಕ್ಕಳಿಗೆ ನನ್ನ ಮುತ್ತು. ನಿಮ್ಮ ಪಾದಕ್ಕೆ ನಮಸ್ಕಾರ.

ನಿಮ್ಮ ಸೊಸೆ,
ರಾಧಾ

ತಾ.ಕ.: "ಮತ್ತ ಆ ಮೇಜಿನ ಮ್ಯಾಲ ಮಲಗಂಗಿಲ್ಲ, ನಾಚಿಕಿಲೇ ಸತ್ತೆ" ಅಂದಿದ್ದಿರಲ್ಲ. ನನಗೇನೂ ರೋಗವಿಲ್ಲ. ಆದರೂ ಶುಕ್ರವಾರ ಡಾಕ್ಟರನ್ನು ಕೇಳಿಕೊಂಡು ನಾನೂ ಅದೇ ಮೇಜಿನ ಮೇಲೆ ಮಲಗಿ ಪರೀಕ್ಷೆ ಮಾಡಿಸಿಕೊಂಡೆ. ನಾಚಿಕೆ ಆಗುತ್ತದೆ ಅತ್ತೆಮ್ಮಾ, ಸುಳ್ಳು ಹೇಳಲಾರೆ. ಒಬ್ಬಳೇ ಮೇಲಿನ ಫ್ಯಾನ್ ನೋಡುತ್ತ ಮಲಗಿದ್ದೆ. ನಿಮ್ಮ ತಲೆಯ ಹತ್ತಿರ ನಿಲ್ಲಲು ನನ್ನನ್ನು ಬಿಡುತ್ತಾರಂತೆ. ನೀವು ಫ್ಯಾನ್ ನೋಡಬೇಡಿ, ನನ್ನ ಮುಖ ನೋಡಿ.