ಸಾಸಿವೆ ಹೊಲದಲ್ಲಿ ಬಿದ್ದ ಏಟು

ಇಂದಿರಾಪುರಂ, ಗಾಜಿಯಾಬಾದ್
13 ಫೆಬ್ರವರಿ 2025, ಗುರುವಾರ

ಪ್ರೀತಿಯ ಮಗ ಪೊನ್ನಣ್ಣನಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯ ಮೋನೆ? ಚಳಿಗೆ ಕಾಲ್ಬೆರಳು ಬಿರಿದು ರಕ್ತ ಬರುತ್ತಿದೆ ಎಂದಿದ್ದೆ, ವಾಸಿಯಾಯಿತೇ? ಬೂಟಿನೊಳಗೆ ಒದ್ದೆ ಕಾಲುಚೀಲ ಹಾಕಿಕೊಂಡೇ ಇರುವ ನಿನ್ನ ಅಭ್ಯಾಸ ನನಗೆ ಗೊತ್ತು. ಉಣ್ಣೆಯ ಕಾಲುಚೀಲ, ಒಂದು ಡಬ್ಬಿ ಹಂದಿಮಾಂಸದ ಉಪ್ಪಿನಕಾಯಿ ಎಲ್ಲ ಕಟ್ಟಿಟ್ಟಿದ್ದೇನೆ. ನಿಮ್ಮ ಯೂನಿಟ್ಟಿನ ಶಂಕರ ರಜೆ ಮುಗಿಸಿ ಇವತ್ತು ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದವನ್ನೂ ಕೊಡುತ್ತೇನೆ. ನಿನ್ನ ಪೋಸ್ಟಿನಲ್ಲಿ ಫೋನ್ ಸಿಗುವುದಿಲ್ಲ. ಸಿಕ್ಕಿದ್ದರೂ ಇದನ್ನು ಫೋನಿನಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ: ನಿನ್ನ ಹೆಂಡತಿ ಜೀವಿತಾ ಬದುಕಿದ್ದಾಳೆ. ಪಕ್ಕೆಲುಬು ಮುರಿದಿದೆ, ತುಟಿಗೆ ಹೊಲಿಗೆ ಬಿದ್ದಿದೆ, ಕೂದಲು ಕಿತ್ತ ಜಾಗ ಇನ್ನೂ ಕೆಂಪಗಿದೆ. ಗಂಜಿ ಕುಡಿಯುತ್ತಾಳೆ, ಗೋಡೆ ಹಿಡಿದು ನಡೆಯುತ್ತಾಳೆ. ನಗಲು ಹೋದರೆ ಮಾತ್ರ ಅಳು ಬರುತ್ತದೆ.

ಜೀವಿತಾ ಸಣ್ಣ ಮಕ್ಕಳ ಫೋಟೊ ತೆಗೆಯುವುದನ್ನು ನೀನು ಹೋದ ಮೇಲೆ ಬಹಳ ಹಚ್ಚಿಕೊಂಡಿದ್ದಾಳೆ. ಸ್ಟುಡಿಯೋದಲ್ಲಿ ಬಣ್ಣದ ಪರದೆ ಕಟ್ಟಿ ಕೂರಿಸುವುದು ಅವಳಿಗೆ ಸೇರುವುದಿಲ್ಲ. ಮಕ್ಕಳು ಹುಲ್ಲಿನಲ್ಲಿ ಬೀಳಬೇಕು, ಕೆಸರು ಮೆತ್ತಿಕೊಳ್ಳಬೇಕು, ಆಗ ತಾನೂ ನೆಲಕ್ಕೆ ಮಲಗಿ ಕ್ಯಾಮೆರಾ ಹಿಡಿಯುತ್ತಾಳೆ. ಹೊರಡುವಾಗ ನಾನೂ ಜೊತೆಗಿರುತ್ತೇನೆ. ಮಕ್ಕಳನ್ನು ನಗಿಸುವುದು, ಮೂಗು ಒರೆಸುವುದು, ನಿಮ್ಮಪ್ಪನ ಕಾಲದ ಆ ಭಾರದ ಕಬ್ಬಿಣದ ಟ್ರೈಪಾಡ್ ಹೊರುವುದು ನನ್ನ ಕೆಲಸ. ಮೊನ್ನೆ ಭಾನುವಾರ ಹತ್ತನೇ ಮಹಡಿಯ ನಿಶಿತಾಳ ಮಗಳು ಇಂಚರಾಳ ಸರದಿ. ನಿಶಿತಾ ನಿನಗೆ ನೆನಪಿರಬೇಕು, ಹಾಸನದ ಕಡೆಯವಳು, ನೊಯ್ಡಾದಲ್ಲಿ ಕೆಲಸ. ಸರೋಜಿನಿ ನಗರದಿಂದ ಮಗುವಿಗೆ ಬಿಳಿ ಫ್ರಾಕ್ ತಂದಿದ್ದಳು. ಹಿಂಡನ್ ನದಿಯ ಆಚೆ ಸಾಸಿವೆ ಹೊಲಗಳೆಲ್ಲ ಹಳದಿಯಾಗಿವೆ, ಅಲ್ಲಿಗೇ ಹೋದೆವು. ಒಂದು ಗಂಟೆ ಏನು ಚೆಂದವಿತ್ತು ಗೊತ್ತಾ! ಹೂವಿನ ನಡುವೆ ಆ ಕುಂಜಿಯ, ಆ ಪುಟ್ಟ ಮಗುವಿನ ತಲೆ ಮಾತ್ರ ಕಾಣುತ್ತಿತ್ತು. “ಅಜ್ಜೀ, ಢೂಂಢೋ ಮುಝೇ”, ನನ್ನನ್ನು ಹುಡುಕು ಎಂದು ಕೂಗುವಳು, ನಾನು ಕಾಣದವಳಂತೆ ನಟಿಸುವೆ.

ಆಮೇಲೆ ನಿಶಿತಾಳಿಗೆ ಆಫೀಸಿನ ಕರೆ ಬಂತು. ಮಾತಾಡಲು ರಸ್ತೆಯ ಬದಿಯ ಕಾರಿಗೆ ಹೋದಳು. ಇಂಚರಾ ಪಂಪ್‌ಸೆಟ್ಟಿನ ನೀರು ಹರಿಯುವ ಸಿಮೆಂಟ್ ಕಾಲುವೆಗೆ ಇಳಿಯುತ್ತೇನೆಂದು ಹಟ ಹಿಡಿದಳು. ಚಳಿಯಲ್ಲಿ ಬೇಡವೆಂದು ನಾನು ಎತ್ತಿಕೊಂಡೆ. ಮಗು ಕೈಕಾಲು ಬಡಿದು ಕಿರುಚಿತು. ಕಂಡವರ ಕಣ್ಣಿಗೆ ಹೇಗೆ ಕಂಡಿತೋ ನೋಡು: ನೆರಿಗೆಯನ್ನು ಹಿಂದಕ್ಕೆ ಹಾಕಿ ಸೀರೆ ಉಟ್ಟ ಮುದುಕಿ, ಅರ್ಥವಾಗದ ಭಾಷೆ, ಕ್ಯಾಮೆರಾ ಹಿಡಿದ ಹೆಂಗಸು, ಕಿರುಚುವ ಮಗು. ಮಕ್ಕಳ ಕಳ್ಳರು ಹೆಂಗಸರ ವೇಷದಲ್ಲಿ ಬರುತ್ತಾರೆ, ಮೊದಲು ಫೋಟೊ ಹೊಡೆದುಕೊಂಡು ಹೋಗುತ್ತಾರೆ ಎಂದು ಆ ಹಳ್ಳಿಯ ಫೋನುಗಳಲ್ಲೆಲ್ಲ ಸುಳ್ಳು ವಿಡಿಯೋ ಹರಿದಾಡುತ್ತಿತ್ತಂತೆ. ನಮಗೆ ಅದೇನು ಗೊತ್ತು.

ಮೊದಲು ಬಂದವನು ಕಿಶನ್ ಎನ್ನುವವನು. ಹೆಸರು ಆಮೇಲೆ ತಿಳಿಯಿತು. ಅವನ ಹಿಂದೆ ಹಾಲಿನ ಕ್ಯಾನು ಇಳಿಸಿ ಬಂದವರು, ಹುಲ್ಲು ಕೊಯ್ಯುತ್ತಿದ್ದವರು, ಹೆಂಗಸರೂ ಇದ್ದರು. “ಕಿಸ್ಕಾ ಬಚ್ಚಾ ಹೈ ಯೇ?” ಎಂದ. ಪಕ್ಕದ ಮನೆಯವರದು ಎಂದು ಜೀವಿತಾ ನಿಧಾನವಾಗಿಯೇ ಹೇಳಿದಳು. ಅವನು ಬಗ್ಗಿ ಮಗುವನ್ನೇ ಕೇಳಿದ, “ಬೇಟಾ, ಯೇ ತೇರೀ ಮಮ್ಮೀ ಹೈ?” ಇಂಚರಾ ಬಿಕ್ಕುತ್ತಾ “ನಹೀಂ” ಎಂದಳು. ನಿಜವನ್ನೇ ಹೇಳಿತು ಪಾಪದ ಮಗು.

ಆ ಒಂದು ಮಾತು ಸಾಕಾಯಿತು. ಯಾರೋ ಹೆಂಗಸು ಜೀವಿತಾಳ ಜಡೆ ಹಿಡಿದು ಹಿಂದಕ್ಕೆ ಎಳೆದು ಕೆಡವಿದಳು. ಕ್ಯಾಮೆರಾವನ್ನು ಕಲ್ಲಿಗೆ ಹೊಡೆದರು. ಕಿಶನ್ ನನ್ನ ಕಂಕುಳಿನಿಂದ ಮಗುವನ್ನು ಕಿತ್ತುಕೊಳ್ಳಲು ಒಂದು ಕೈ ಹಿಡಿದು ಎಳೆದ, ನಾನು ಬಿಡಲಿಲ್ಲ. ಲಟಕ್ಕೆಂದಿತು. ಇಂಚರಾಳ ಭುಜದ ಎಲುಬು. ಆ ಸದ್ದು ನನ್ನ ಕಿವಿಯಲ್ಲಿ ಹಾಗೇ ಕೂತಿದೆ. ಬೆಚ್ಚಿ ನಾನೇ ಕೈ ಸಡಿಲಿಸಿದೆ, ಮಗು ನೆಲಕ್ಕೆ ಬಿತ್ತು. ಜೀವಿತಾ ತೆವಳಿಕೊಂಡು ಹೋಗಿ ಅದರ ಮೇಲೆ ಕವುಚಿ ಮಲಗಿದಳು. ಅವಳ ಬೆನ್ನಿಗೆ ದೊಣ್ಣೆ ಬಿತ್ತು, ಪಕ್ಕೆಗೆ ಒದೆ ಬಿತ್ತು. ಒದ್ದವರಲ್ಲಿ ಕಿಶನ್ ಕೂಡ ಇದ್ದ, ನಾನು ಕಣ್ಣಾರೆ ಕಂಡೆ. “ಸ್ಕೂಲ್ ಕಾ ನಾಮ್ ಬತಾ! ಗ್ಯಾಂಗ್ ಮೇಂ ಔರ್ ಕೌನ್ ಹೈ?” ಮಗುವಿನ ಶಾಲೆ ಯಾವುದು, ಗ್ಯಾಂಗಿನಲ್ಲಿ ಇನ್ನು ಯಾರಿದ್ದಾರೆ ಎಂದು ಕೇಳುತ್ತಲೇ ಒದೆಯುತ್ತಿದ್ದರು. ಅವಳು ಕೂಗಿದ್ದು ನನಗೆ, ಕನ್ನಡದಲ್ಲಿ: “ಅತ್ತೆ, ನೀವು ಓಡಿ!”

ನಾನು ಓಡಲಿಲ್ಲ. ಟ್ರೈಪಾಡ್ ಎತ್ತಿಕೊಂಡೆ. ಒಬ್ಬನ ಮೊಣಕಾಲಿಗೆ ಬಿಟ್ಟೆ, ಇನ್ನೊಬ್ಬನ ಕೈಗೆ ಬಿಟ್ಟೆ, ದೊಣ್ಣೆ ಹಾರಿಹೋಯಿತು. ಈ ವಯಸ್ಸಿನಲ್ಲಿ ಆ ಶಕ್ತಿ ಎಲ್ಲಿತ್ತೋ ತಿಳಿಯದು. ಅಷ್ಟರಲ್ಲಿ ಗಲಾಟೆ ಕೇಳಿದ ನಿಶಿತಾ ಹೂವಿನ ಗಿಡಗಳನ್ನು ತುಳಿದುಕೊಂಡು ಓಡಿಬಂದಳು. ಅವಳನ್ನು ಕಂಡ ಕೂಡಲೇ ಜೀವಿತಾಳ ಹೊಟ್ಟೆಯಡಿಯಿಂದ “ಮಮ್ಮಾ!” ಎಂದು ಕೂಗು ಎದ್ದಿತು. ಎಲ್ಲರ ಕೈ ಅಲ್ಲಲ್ಲೇ ನಿಂತಿತು. ಎಲ್ಲರಿಗೂ ಅರ್ಥವಾಯಿತು. ಹಿಂದಿನವರು ಒಬ್ಬೊಬ್ಬರೇ ಜಾರಿಕೊಂಡರು. ಕಿಶನ್ ಮಾತ್ರ ಹೋಗಲಿಲ್ಲ. ಮುಖ ಬಿಳಿಚಿಕೊಂಡಿತ್ತು. ನನ್ನ ಎದುರಿಗೆ ಬಂದು ಕೈ ಮುಗಿದ. “ಮಾಫ್ ಕರ್ ದೋ ಅಮ್ಮಾ. ಗಲತೀ ಹೋ ಗಯೀ.” ತಪ್ಪಾಯಿತು, ಕ್ಷಮಿಸಿ ಎಂದ.

ಮೋನೆ, ಆ ಮುಗಿದ ಕೈಗಳನ್ನು ನಾನು ಕಂಡೆ. ಕಾಣಲಿಲ್ಲ ಎಂದು ನಿನ್ನ ಹತ್ತಿರ ಹೇಳಲಾರೆ. ಕಂಡೂ ಟ್ರೈಪಾಡನ್ನು ಎರಡೂ ಕೈಯಲ್ಲಿ ಎತ್ತಿ ಅವನ ತಲೆಗೆ ಹೊಡೆದೆ. ಅವನು ಹಿಂದಕ್ಕೆ ಬಿದ್ದ, ತಲೆ ಕಾಲುವೆಯ ಸಿಮೆಂಟ್ ಅಂಚಿಗೆ ಬಡಿಯಿತು. ಆ ಗಳಿಗೆಯಲ್ಲಿ ನನಗೆ ಹಿತವೆನಿಸಿತು. ಅದನ್ನೂ ನಿನಗೆ ಬರೆಯುತ್ತಿದ್ದೇನೆ.

ಯಾರೋ ತೆಗೆದ ವಿಡಿಯೋದಲ್ಲಿ ನಾನು ದೊಣ್ಣೆಯವರನ್ನು ಓಡಿಸುವುದಷ್ಟೇ ಇದೆ, ಆಮೇಲಿನದು ಇಲ್ಲ. ಬೆಳಿಗ್ಗೆ ಮಕ್ಕಳ ಕಳ್ಳಿ ಎಂದು ಹಂಚಿದ್ದ ಅದೇ ವಿಡಿಯೋವನ್ನು ಸಂಜೆಗೆ ‘ಸೈನಿಕನ ತಾಯಿ, ಹೆಣ್ಣುಸಿಂಹ’ ಎಂದು ಹಂಚಿದರು. ಲಿಫ್ಟಿನಲ್ಲಿ ಕಾಲಿಗೆ ಬೀಳುತ್ತಾರೆ. ಸೊಸೈಟಿಯವರು ಶಾಲು ಹೊದಿಸುತ್ತೇವೆ ಎಂದು ಬಂದಿದ್ದರು, ಬಾಗಿಲು ಹಾಕಿಕೊಂಡೆ. ಕಿಶನ್ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದಾನೆ.

ಮಂಗಳವಾರ ಅವನ ಹೆಂಡತಿ ವಸಂತಿ ಗೇಟಿಗೆ ಬಂದಳು. ಗಾರ್ಡುಗಳು ಒಳಗೆ ಬಿಡಲಿಲ್ಲ, ನಾನೇ ಇಳಿದುಹೋದೆ. ಸಣ್ಣ ವಯಸ್ಸು. ಹೋದ ವರ್ಷ ಅವರ ಓಣಿಯ ಹೆಣ್ಣುಮಗು ಒಂದು ಕಾಣೆಯಾಗಿ ಇನ್ನೂ ಸಿಕ್ಕಿಲ್ಲವಂತೆ. “ವೋ ಬಚ್ಚೀ ಕೋ ಬಚಾನೇ ದೌಡೇ ಥೇ, ಅಮ್ಮಾ” ಎಂದಳು. ಮಗುವನ್ನು ಉಳಿಸಲೆಂದೇ ಅವನು ಓಡಿದ್ದನಂತೆ. ಆಮೇಲೆ ನನ್ನ ಮುಖ ನೋಡಿ ಕೇಳಿದಳು, ಹಾಥ್ ಜೋಡ್ನೇ ಕೇ ಬಾದ್ ಕಿಸ್ನೇ ಮಾರಾ? ಕೈ ಮುಗಿದ ಮೇಲೆ ಹೊಡೆದವರು ಯಾರು? “ಮೈಂನೇ”, ನಾನೇ ಎಂದೆ. ನನ್ನ ಕೆನ್ನೆಗೆ ಬಾರಿಸಿದಳು, ಕನ್ನಡಕ ಹಾರಿಹೋಯಿತು. ಗಾರ್ಡುಗಳು ಲಾಠಿ ಎತ್ತಿ ಅವಳ ಮೇಲೆ ಬಿದ್ದರು. “ಛೋಡೋ ಉಸ್ಕೋ ಭಯ್ಯಾ!” ಅವಳನ್ನು ಬಿಡಿ ಎಂದು ಕಿರುಚಿ ನಡುವೆ ನಿಂತೆ. ಸಾಕಾಗಿತ್ತು ನನಗೆ. ಅವಳು ಹಿಂತಿರುಗಿ ನೋಡದೆ ಹೋದಳು.

ನೀನು ಇದನ್ನೋದಿ ಹಲ್ಲು ಕಚ್ಚುತ್ತೀ, ನನಗೆ ಗೊತ್ತು. ನಿನ್ನ ಸಿಟ್ಟು ನನ್ನಿಂದಲೇ ಬಂದದ್ದು. ರಜೆ ಸಿಕ್ಕಿದರೆ ಬಾ, ಆದರೆ ಆ ಹಳ್ಳಿಯ ಕಡೆ ಕಾಲಿಡಬೇಡ. ಇಂಚರಾಳ ಭುಜಕ್ಕೆ ಪಟ್ಟಿ ಕಟ್ಟಿದ್ದಾರೆ, ಕೂಡಿಕೊಳ್ಳುತ್ತದಂತೆ. ಅಪರಿಚಿತರು ಮಾತಾಡಿಸಿದರೆ ಉಚ್ಚೆ ಹೊಯ್ದುಕೊಳ್ಳುತ್ತಾಳೆ. ಜೀವಿತಾ ನಿನಗೆ ಬೇರೆ ಬರೆಯುತ್ತಾಳೆ, ಕೈಗೆ ಸ್ವಲ್ಪ ಬಲ ಬರಲಿ. ಇಗ್ಗುತ್ತಪ್ಪ ನಿನ್ನ ನೆತ್ತಿ ಕಾಯಲಿ, ನಿನ್ನ ಜೊತೆಯ ಹುಡುಗರನ್ನೂ ಕಾಯಲಿ.

ಇಂತಿ ನಿನ್ನ ಅವ್ವ,
ಚಿಣ್ಣಮ್ಮ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಪೊಲೀಸ್ ಸ್ಟೇಷನ್ನಿನಿಂದ ಫೋನ್ ಬಂತು. ಕಿಶನ್ ಇವತ್ತು ಬೆಳಿಗ್ಗೆ ತೀರಿಹೋದನಂತೆ. ಈ ಕೇಸಿಗೆಂದು ಗೊತ್ತುಮಾಡಿದ ವಕೀಲರು ಸೂರ್ಯನಾರಾಯಣ ಅವರು, “ಗುಂಪಿನಲ್ಲಿ ಯಾರ ಏಟು ಬಿತ್ತೋ ಗೊತ್ತಿಲ್ಲ ಅಂದುಬಿಡಿ ಅಮ್ಮ, ವಿಡಿಯೋದಲ್ಲಿ ಅದು ಇಲ್ಲವೇ ಇಲ್ಲ” ಎಂದರು. ಹಾಗೆ ಹೇಳುವುದಿಲ್ಲ ಎಂದೆ. ಶಂಕರ ಕೆಳಗೆ ಕಾಯುತ್ತಿದ್ದಾನೆ, ಅವನ ಆಟೋದಲ್ಲೇ ಪೊಲೀಸ್ ಸ್ಟೇಷನ್ನಿನವರೆಗೆ ಹೋಗುತ್ತೇನೆ. ಜೀವಿತಾ ಮಾತ್ರೆ ನುಂಗಿ ಮಲಗಿದ್ದಾಳೆ, ಅವಳಿಗೆ ಇನ್ನೂ ಹೇಳಿಲ್ಲ. ನಿಶಿತಾಳನ್ನು ಅವಳ ಜೊತೆಗೆ ಕೂರಿಸಿದ್ದೇನೆ. ನೀನು ಬಂದಾಗ ನನ್ನನ್ನು ಹುಡುಕಿಕೊಂಡು ಬರಬೇಡ, ಮೊದಲು ಮನೆಗೆ ಹೋಗು, ಜೀವಿತಾಳ ಹತ್ತಿರ ಕೂರು.