ಅಡಿವೆಪ್ಪನವರ ಹಳೆಯ ಹೆಸರು

ಉಣಕಲ್ಲು ಕೆರೆ ದಂಡೆ, ಹುಬ್ಬಳ್ಳಿ
ಮೋಡಶಕೆ ತೊಂಬತ್ತೊಂದು, ಎರಡನೆಯ ಆಷಾಢದ ಮೂವತ್ತೆಂಟನೆಯ ದಿನ

ಪೂಜ್ಯ ಮುತ್ತಜ್ಜಿ ಸ್ಫೂರ್ತಿಯವರಿಗೆ, ನೀವು ಎಂದೂ ಕಾಣದ ಸಂಕಮ್ಮ ಬಾಗಿ ಮಾಡುವ ನಮಸ್ಕಾರ.

ಮೇಲಿನ ತೇದಿ ನೋಡಿ ಗಾಬರಿಯಾಗಬೇಡಿ. ಮಳೆ ತನ್ನ ಕಾಲ ಬಿಟ್ಟು ಮನಸ್ಸಿಗೆ ಬಂದಾಗ ಬರತೊಡಗಿದ ಮೇಲೆ ನಾವು ಮೋಡಶಕೆ ಎಂದು ಹೊಸದಾಗಿ ವರ್ಷ ಎಣಿಸತೊಡಗಿ, ತಿಂಗಳುಗಳನ್ನೇ ಹಿಗ್ಗಿಸಿಕೊಂಡೆವು. ಹಾಗಾಗಿ ಆಷಾಢ ಎರಡು ಸಲ ಬರುತ್ತದೆ, ಮೂವತ್ತಕ್ಕೆ ನಿಲ್ಲುವುದೂ ಇಲ್ಲ. ತವರಿನಲ್ಲಿ ಹೆಚ್ಚು ದಿನ ಇರಬಹುದೆಂದು ಹೊಸ ಸೊಸೆಯಂದಿರಿಗೆ ಇದರಿಂದ ಬಹಳ ಖುಷಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ಹೋಗುತ್ತಾ ಹೋಗುತ್ತಾ ಬಿಡಿಸಿ ಹೇಳುತ್ತೇನೆ. ನಿಮಗೆ ಈಗ ಇಪ್ಪತ್ಮೂರು ವರ್ಷ, ನನಗೆ ಐವತ್ತೆಂಟು. ಆದರೂ ನೀವು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಆದ್ದರಿಂದ ಬಹುವಚನ ಬಿಡುವಂತಿಲ್ಲ.

ಈ ಪತ್ರವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಅದು ಹೇಗೆ ಹೋಗುತ್ತದೆಂದು ಕೇಳಬೇಡಿ, ಅಂಚೆಯವರಿಗೂ ಪೂರ್ತಿ ತಿಳಿದಂತಿಲ್ಲ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಹೆಚ್ಚಿನವರು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ಏಕೆಂದರೆ ನನಗೆ ಆಗಬೇಕಾದ ಕೆಲಸವೊಂದು ನಿಮ್ಮಿಂದ ಮಾತ್ರ ಆಗುತ್ತದೆ.

ನಮ್ಮ ಮನೆಯಲ್ಲಿ ನಿಮ್ಮ ಹೆಸರೆತ್ತಿದರೆ ಎಲ್ಲರೂ ನಗುತ್ತಾರೆ. ಬೇಸರಪಡಬೇಡಿ, ಪ್ರೀತಿಯ ನಗು ಅದು. ಗದಗಿನ ಬಾಡಿಗೆ ಕೋಣೆಯಲ್ಲಿ ಕೂತು ನೀವು ಒಬ್ಬರೇ ಚೀನೀ ಅಕ್ಷರ ಕಲಿತದ್ದು, ಕುನ್ಮಿಂಗ್ ನಗರದಲ್ಲಿ ಒಂದು ವರ್ಷ ಓದಲು ಕರೆ ಬಂದದ್ದು, ಮನೆಮಂದಿಯೆಲ್ಲ ಶೇಂಗಾ ಚಟ್ನಿ, ಕಟಕರೊಟ್ಟಿ ಕಟ್ಟಿಕೊಟ್ಟು ವಿಮಾನ ನಿಲ್ದಾಣದವರೆಗೆ ಬಂದದ್ದು, ಒಳಗೆ ಹೋಗುವ ಬಾಗಿಲಲ್ಲಿ ನಿಮಗೆ ಹೊಟ್ಟೆ ತೊಳಸಿ, ಬ್ಯಾಗು ಎತ್ತಿಕೊಂಡು ಎಲ್ಲರಿಗಿಂತ ಮೊದಲು ಮನೆಗೆ ಹೊರಟದ್ದು! "ಬಾಗಿಲದಾಗಿಂದ ಹೊಳ್ಳಿ ಬಂದಾಕಿ" ಎಂದೇ ನೀವು ನಮ್ಮಲ್ಲಿ ಪ್ರಸಿದ್ಧರು. ಆದರೆ ಅಕ್ಷರವನ್ನು ನೀವು ಬಿಡಲಿಲ್ಲ. ಮಗಳಿಗೆ ಕಲಿಸಿದಿರಿ, ಆಕೆ ತನ್ನ ಮಗಳಿಗೆ ಕಲಿಸಿದಳು, ಹಾಗೆ ಬಂದು ಅದು ನನ್ನ ಹೊಟ್ಟೆಪಾಡಾಯಿತು.

ನಾನು ಹೆಸರುಮನೆಯಲ್ಲಿ ಕೆಲಸ ಮಾಡುವವಳು. ಆ ಲಿಪಿಯಲ್ಲಿ ಬರೀ ಸದ್ದಿಗೆಂದು ಅಕ್ಷರವಿಲ್ಲ, ಪ್ರತಿ ಅಕ್ಷರಕ್ಕೂ ಅದರದೇ ಅರ್ಥವಿದೆ ಎಂಬುದು ನಿಮಗೆ ಗೊತ್ತು. ಪರದೇಶದವರ ಹೆಸರನ್ನು ಬರೆಯುವಾಗ ಒಂದೊಂದು ಸದ್ದಿಗೆ ಹತ್ತಾರು ಅಕ್ಷರಗಳು ಎದುರು ನಿಲ್ಲುತ್ತವೆ. ಆರಿಸುವವರ ಮನಸ್ಸು ಹೇಗಿದೆಯೋ ಹೆಸರೂ ಹಾಗೆ ಆಗುತ್ತದೆ. ನಮ್ಮ ಕಾಲದಲ್ಲಿ ಗಾಳಿಹಡಗು ಹತ್ತಿ ಚೀನಾಕ್ಕೆ ಹೋಗುವ ಪ್ರತಿಯೊಬ್ಬರೂ ಮೊದಲು ಹೆಸರುಮನೆಗೆ ಬರಬೇಕು. ಬಂದವರನ್ನು ಕಂಬಳಿಯ ಮೇಲೆ ಕೂರಿಸಿ, ಗಿರಮಿಟ್ಟು, ಚಹಾ ಕೊಟ್ಟು, ಈ ಹೆಸರು ಇಟ್ಟವರಾರು, ಊಟಕ್ಕೆ ಕರೆಯುವಾಗ ಮನೆಯಲ್ಲಿ ಹೇಗೆ ಕೂಗುತ್ತಾರೆ ಎಂದೆಲ್ಲ ಕೇಳಿ, ಆಮೇಲೆ ಅಕ್ಷರ ಆರಿಸುತ್ತೇನೆ. ಒಬ್ಬ ಪೈಲ್ವಾನರು ಪ್ರತಿ ಅಕ್ಷರದಲ್ಲೂ ಹುಲಿಯೇ ಬೇಕೆಂದು ಹಟ ಹಿಡಿದರು. ಅರ್ಧ ದಿನ ಮಾತಾಡಿ ಒಂದು ಹುಲಿ, ಒಂದು ಜಿಂಕೆಗೆ ಒಪ್ಪಿಸಿದೆ. ಇಷ್ಟೆಲ್ಲ ಮಾಡುವ ನಾನು ಆ ದೇಶವನ್ನು ಮಾತ್ರ ಕಂಡಿರಲಿಲ್ಲ. ಅಲ್ಲಿಯ ಒಂದು ಬೀದಿಯಲ್ಲಿ ನಿಂತು, ಅಂಗಡಿಗಳ ಬೋರ್ಡುಗಳನ್ನು ಒಂದೂ ಬಿಡದೆ ಓದಬೇಕೆಂಬುದು ನನ್ನ ಒಂದೇ ಆಸೆಯಾಗಿತ್ತು.

ಈ ವರ್ಷ ಆ ಆಸೆ ಕೈಗೂಡುವುದರಲ್ಲಿತ್ತು. ನಿಮ್ಮ ಕಾಲದವರು ನದಿನೀರು ಹಂಚಿಕೊಳ್ಳುತ್ತಿದ್ದಂತೆ ನಾವು ಮೋಡ ಹಂಚಿಕೊಳ್ಳುತ್ತೇವೆ. ದೇಶದೇಶಗಳವರು ಅದಕ್ಕಾಗಿ ಸೇರುವ ಕೂಟಕ್ಕೆ ಮೋಡಸಭೆ ಎನ್ನುತ್ತಾರೆ. ಹಿಂದೊಮ್ಮೆ ಆ ಸಭೆಯಲ್ಲಿ ನಮ್ಮ ಕಡೆಯ ಅಡಿವೆಪ್ಪ ಮುಗಳಿ ಎಂಬ ಹಿರಿಯರು ಸ್ವಲ್ಪ ಖಾರವಾಗಿ ಮಾತಾಡಿಬಿಟ್ಟರು. ಚೀನಾದವರು ಅವರ ಹೆಸರನ್ನು ಬಾಗಿಲುಪಟ್ಟಿಗೆ ಸೇರಿಸಿದರು. ಆ ಪಟ್ಟಿಯಲ್ಲಿದ್ದವರಿಗೆ ಚೀನಾದ ಬಾಗಿಲು ಮುಚ್ಚಿತೆಂದೇ ಅರ್ಥ. ಅದು ಅವರ ಗಂಡನಿಗೋ ಹೆಂಡತಿಗೋ ತಗಲುತ್ತದೆ, ಮಕ್ಕಳಿಗೂ ತಗಲುತ್ತದೆ. ಅಡಿವೆಪ್ಪನವರ ಒಬ್ಬಳೇ ಮಗಳು ನೀಲಗಂಗಾ ಆಗಲೇ ಕುನ್ಮಿಂಗಿನ ಹುಡುಗನನ್ನು ಮದುವೆಯಾಗಿ ಅಲ್ಲಿದ್ದಳು. ಇದ್ದಲ್ಲಿ ಇರಬಹುದು, ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದರು. ಅಪ್ಪ ಹೋಗುವಂತಿಲ್ಲ, ಅಮ್ಮ ಕಾಶವ್ವನವರು ಹೋಗುವಂತಿಲ್ಲ, ಮಗಳು ಬರುವಂತಿಲ್ಲ. ಮೊಮ್ಮಗಳು ಹುಟ್ಟಿ ಶಾಲೆಗೂ ಹೋಗತೊಡಗಿದಳು, ಅಜ್ಜ ಅಜ್ಜಿ ಅವಳನ್ನು ಎತ್ತಿಕೊಂಡಿರಲಿಲ್ಲ.

ಈಗ ಮೋಡದ ಜಗಳ ಮತ್ತೆ ಎದ್ದಿತು. ಬಿಡಿಸುವ ತಾಕತ್ತು ಇರುವುದು ಅಡಿವೆಪ್ಪನವರಿಗೇ ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು. ಆದರೆ ಹಾಕಿದ ಬಹಿಷ್ಕಾರವನ್ನು ವಾಪಸು ಪಡೆದರೆ ಮರ್ಯಾದೆಯ ಪ್ರಶ್ನೆ. ಇಂಥ ಹೊತ್ತಿಗೆಂದೇ ಒಂದು ಪದ್ಧತಿ ಇದೆ. ಪಟ್ಟಿಯಲ್ಲಿರುವುದು ಅಕ್ಷರಗಳು. ಬೇರೆ ಅಕ್ಷರಗಳಲ್ಲಿ ಹೆಸರು ಬರೆಸಿಕೊಂಡು ಬಂದವರು ಬೇರೆಯವರು. ಎಲ್ಲರಿಗೂ ಮುಖ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ, ಚಹಾ ಬರುತ್ತದೆ, ಮಾತು ಶುರುವಾಗುತ್ತದೆ. ಅಡಿವೆಪ್ಪನವರ ಹಳೆಯ ಹೆಸರನ್ನು ಯಾವುದೋ ಸುದ್ದಿಯಂತ್ರ ಬರೆದಿತ್ತು. ಅದರಲ್ಲಿ 'ಡಿ' ಎಂಬ ಸದ್ದಿಗೆ ಬಿದ್ದದ್ದು ಶತ್ರು ಎಂಬ ಅಕ್ಷರ. ನಾನು ಅದನ್ನು ತೆಗೆದು ಕೊಳಲು ಎಂಬ ಅಕ್ಷರ ಇಟ್ಟೆ. ಸದ್ದು ಅದೇ. ಹಿರಿಯರು ಬಹಳ ಹೊತ್ತು ನೋಡಿದರು. "ಈ ವಯಸ್ಸಿನ್ಯಾಗ ನನ್ನ ಕೈಯಾಗ ಕೊಳಲ ಕೊಟ್ಟೀಯಲ್ಲವ್ವಾ" ಎಂದು ಕಣ್ಣೊರೆಸಿಕೊಂಡರು.

ಅವರ ಜೊತೆಗೆ ಇನ್ನೊಬ್ಬರಿಗೆ ಜಾಗವಿರುತ್ತದೆ, ಹೆಸರುಮನೆಯಿಂದ ಒಬ್ಬರು ಹೋಗುವುದು ರೂಢಿ. ಈ ಸಲದ ಸರದಿ ನನ್ನದು. ಕನ್ನಡಿಯ ಮುಂದೆ ನಿಂತು ಅಲ್ಲಿಯವರಿಗೆ ನಮಸ್ಕಾರ ಹೇಳುವುದನ್ನೂ ರೂಢಿ ಮಾಡಿಕೊಂಡಿದ್ದೆ.

ಆದರೆ ಪದ್ಧತಿಗೆ ಇನ್ನೊಂದು ಕೊನೆಯಿದೆ. ಹಳೆಯ ಹೆಸರನ್ನು ಪಟ್ಟಿಯಿಂದ ಅಳಿಸುವುದಿಲ್ಲ. ವಾರಸುದಾರರಿಲ್ಲದೆ ಅದು ಉಳಿಯುವಂತೆಯೂ ಇಲ್ಲ, ಉಳಿದರೆ ಪಟ್ಟಿ ಸುಳ್ಳಾದಂತೆ. ಯಾರಾದರೂ ಅದನ್ನು ತಮ್ಮ ಮೇಲೆ ಹೊತ್ತುಕೊಳ್ಳಬೇಕು. ಇದಕ್ಕೆ ಹೆಸರುಹೊರೆ ಎನ್ನುತ್ತೇವೆ. ಹೊತ್ತವರಿಗೆ ಆ ಬಾಗಿಲು ಸಾಯುವವರೆಗೆ ಮುಚ್ಚಿತು. ಚೀನಾದವರಿಗೆ ಇದು ಒಂದು ಸಹಿಯ ಮಾತು. ನಮ್ಮವರು ಇದನ್ನು ನಮ್ಮ ರೀತಿಯಲ್ಲಿ ಮಾಡುತ್ತಾರೆ. ಹೊರುವವರಿಗೆ ಉಡಿ ತುಂಬುತ್ತಾರೆ. ಅಕ್ಕಿ, ಬೆಲ್ಲ, ಕೊಬ್ಬರಿ, ಅದರ ನಡುವೆ ಹಳೆಯ ಹೆಸರು ಬರೆದ ವೀಳ್ಯದೆಲೆ. ನಿಮ್ಮ ಕಾಲದಲ್ಲಿ ಹೆಣ್ಣುಮಕ್ಕಳನ್ನು ಹರಸಿ ಕಳಿಸುವಾಗ ಮಾಡುತ್ತಿದ್ದುದೇ ಇದು.

ಹೊರಡುವ ಮುನ್ನಾದಿನ ಹೆಸರುಮನೆಯಲ್ಲಿ ಎಲ್ಲರೂ ಸೇರಿದ್ದೆವು. ಹೊರೆ ಹೊರಲು ಮುಂದೆ ಬಂದ ಮಹಾಂತಯ್ಯ ಎಂಬ ಮುದುಕರು ಆಗಲೇ ಇನ್ನೊಬ್ಬರ ಹೆಸರು ಹೊತ್ತಿದ್ದರು, ಒಬ್ಬರಿಗೆ ಒಂದೇ. ಅಷ್ಟರಲ್ಲಿ ಕಾಶವ್ವನವರು ಸೆರಗು ಬಿಗಿದುಕೊಂಡು ಕಂಬಳಿಯ ಮೇಲೆ ಬಂದು ಕೂತೇಬಿಟ್ಟರು. "ಇಷ್ಟು ವರ್ಷ ಇವರ ಹೆಸರು ಹೊತ್ತಾಕಿ ನಾನಽ. ಇವತ್ತ ಬ್ಯಾರೆದವರು ಯಾಕ ಹೊರಬೇಕು? ಅವರು ಹೋಗಿ ಮಗಳ ಮಾರಿ ನೋಡಿ ಬರಲಿ" ಎಂದರು. ಯಾರಿಗೂ ಅದರಲ್ಲಿ ತಪ್ಪು ಕಾಣಿಸಲಿಲ್ಲ. ಗಂಡನ ಭಾರ ಹೆಂಡತಿಯಲ್ಲದೆ ಇನ್ನಾರು ಹೊರಬೇಕು! ಅಧಿಕಾರಿಗಳು ತಲೆಯಾಡಿಸಿದರು, ಹೆಂಗಸರು ಕಣ್ಣೀರು ತಂದುಕೊಂಡರು, ಅಕ್ಕಿ ಉಡಿಗೆ ಬೀಳತೊಡಗಿತು. ಎಲೆ ನನ್ನ ಕೈಯಲ್ಲಿತ್ತು. ಇಡಲು ಬಗ್ಗಿದಾಗ ಹೊಳೆಯಿತು. ಕಾಶವ್ವ ಹೆಸರು ಹೊತ್ತರೆ ಪಟ್ಟಿ ಕಾಶವ್ವನ ಗಂಡನಿಗೂ ತಗಲುತ್ತದೆ, ಮಗಳಿಗೂ ತಗಲುತ್ತದೆ. ಅಡಿವೆಪ್ಪನವರು ಹೊಸ ಹೆಸರು ಹಿಡಿದುಕೊಂಡು ಮತ್ತೆ ಅದೇ ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಿದ್ದರು.

ಇದನ್ನು ಹೇಳಿದಾಗ ಎಲ್ಲರೂ ಮೊದಲು ನಕ್ಕರು, ಆಮೇಲೆ ಅಕ್ಕಿ ಹಾಕುತ್ತಿದ್ದ ಕೈಗಳನ್ನು ಹಿಂದೆಗೆದುಕೊಂಡರು. ಹೊರುವವರಿಗೆ ಗಂಡ ಹೆಂಡತಿ, ಮಕ್ಕಳು ಇರಬಾರದು, ಇದ್ದರೆ ಅವರಿಗೂ ತಗಲುತ್ತದೆ. ಅಲ್ಲಿದ್ದವರಲ್ಲಿ ಹಾಗೆ ಇದ್ದವಳು ನಾನೊಬ್ಬಳೇ. ಯಾರೂ ನನ್ನತ್ತ ನೋಡಲಿಲ್ಲ, ನನ್ನ ಆಸೆ ಎಲ್ಲರಿಗೂ ಗೊತ್ತಿತ್ತು. ಮುತ್ತಜ್ಜಿ, ನನಗೂ ಆಗ ಹೊಟ್ಟೆ ತೊಳಸಿತು, ಥೇಟ್ ನಿಮ್ಮ ಹಾಗೆ. ಎಲ್ಲವನ್ನೂ ಅಲ್ಲೇ ಬಿಟ್ಟು ಮನೆಗೆ ಓಡಬೇಕೆನಿಸಿತು. ಕಾಶವ್ವನವರು ಉಡಿಯ ಅಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಈಗ ಇದನ್ನು ಯಾರಿಗೆ ಕೊಡಲಿ ಎಂಬಂತೆ ಕೂತಿದ್ದರು. ನಾನು ಅವರ ಪಕ್ಕ ಹೋಗಿ ಕೂತು ಸೆರಗು ಒಡ್ಡಿದೆ.

ನನ್ನ ಆಯುಷ್ಯದಲ್ಲಿ ಯಾರೂ ನನಗೆ ಉಡಿ ತುಂಬಿರಲಿಲ್ಲ. ಕಾಶವ್ವನವರೇ ತುಂಬಿದರು. "ಸಂಕಮ್ಮಾ, ನಿನ್ನ ಹಾದಿ ಮುಚ್ಚಿ ನನ್ನ ಹಾದಿ ತೆಗದಿ. ಅಲ್ಲಿಂದ ಏನ್ ತರ್ಲಿ ನಿನಗ?" ಎಂದರು. "ಏನೂ ಬ್ಯಾಡ್ರಿ. ಬೀದ್ಯಾಗಿನ ಬೋರ್ಡ್ ಕಣ್ತುಂಬ ನೋಡ್ಕೊಂಡು ಬರ್ರಿ, ಬಂದು ಹೇಳ್ರಿ" ಎಂದೆ. ಗಾಳಿಹಡಗಿನಲ್ಲಿ ಖಾಲಿಯಾದ ನನ್ನ ಜಾಗದಲ್ಲಿ ಅವರು ಕೂತರು.

ಮೋಡದ ಮಾತು ಸುಸೂತ್ರವಾಗಿ ಮುಗಿಯಿತು. ಕಾಶವ್ವನವರು ಹಿಂದಿರುಗಿ ನೇರ ನನ್ನ ಮನೆಗೇ ಬಂದರು. ಮಗಳು ದಪ್ಪಗಾಗಿದ್ದಾಳಂತೆ. ಮೊಮ್ಮಗಳು ಮೊದಲ ದಿನ ಹತ್ತಿರ ಸುಳಿಯಲಿಲ್ಲವಂತೆ, ಹೊರಡುವ ದಿನ ಕಾಲು ಬಿಡಲಿಲ್ಲವಂತೆ. ಮುಂದಿನ ವರ್ಷ ತಾಯಿ ಮಗಳು ಇಬ್ಬರೂ ಹುಬ್ಬಳ್ಳಿಗೆ ಬರುತ್ತಾರಂತೆ. ಎಲ್ಲ ಹೇಳಿ ಮುಗಿಸಿದ ಮೇಲೆ ಬೋರ್ಡುಗಳ ಬಗ್ಗೆ ಕೇಳಿದೆ. ಕಾಶವ್ವ ನಾಲಿಗೆ ಕಚ್ಚಿಕೊಂಡರು. "ನೋಡಿದೆನವಾ, ಎಲ್ಲಾ ನೋಡಿದೆ. ಕೆಂಪನ್ವು ಇದ್ದವು, ಹಳದಿ ಇದ್ದವು. ನನಗೇನ್ ಓದಾಕ ಬರತೈತಿ? ಕೂಸಿನ ಮಾರೀನಽ ನೋಡ್ಕೋತ ಉಳದೆ" ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಅವರು ಹೋದ ಮೇಲೆ ನಾನು ಒಬ್ಬಳೇ ಕೂತು ಅತ್ತೆ. ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ, ಆದರೆ ದುಃಖವಿದೆ. ಬಾಳಿಡೀ ಯಾರ ಅಕ್ಷರಗಳನ್ನು ಪ್ರೀತಿಸಿದೆನೋ ಅವರ ಪಟ್ಟಿಯಲ್ಲಿ ಈಗ ನಾನು ಶತ್ರು ಎಂಬ ಅಕ್ಷರದ ವಾರಸುದಾರಳು.

ಇಷ್ಟು ಬರೆದದ್ದು ಒಂದು ಮಾತು ಕೇಳುವುದಕ್ಕೆ. ಈ ಪತ್ರ ಸರಿಯಾಗಿ ತಲುಪಿದ್ದರೆ ನೀವು ಇನ್ನೂ ಬ್ಯಾಗು ಕಟ್ಟುವುದರಲ್ಲಿದ್ದೀರಿ. ನಿಮ್ಮ ಹೆಸರು ಯಾರ ಪಟ್ಟಿಯಲ್ಲೂ ಇಲ್ಲ, ನಿಮಗೆ ಬಾಗಿಲು ತೆರೆದಿದೆ. ಬಾಗಿಲಲ್ಲಿ ಹೊಟ್ಟೆ ತೊಳಸುತ್ತದೆ, ಅದು ನಮ್ಮ ಮನೆತನದ ರೋಗ, ಒಂದು ಲೋಟ ನೀರು ಕುಡಿಯಿರಿ. ಹಿಂತಿರುಗಬೇಡಿ. ನೀವು ಹೋದರೆ ಮುಂದಿನದೆಲ್ಲ ಬದಲಾಗಿ ನಾನೇ ಹುಟ್ಟದೇ ಹೋಗಬಹುದು ಎಂದು ಹಿಂದಂಚೆಯವರು ನನ್ನನ್ನು ಹೆದರಿಸಿದರು. ಒಂದೇ ವರ್ಷದ ಓದು, ಮುಗಿಸಿ ಬಂದು ಆಮೇಲೆ ನಮ್ಮ ಮುತ್ತಜ್ಜನನ್ನು ಮದುವೆಯಾಗಿ ಎಂದು ಈಗಲೇ ನಿಮಗೆ ಹೇಳಿಬಿಡುತ್ತೇನೆ. ಅವರು ಎಲ್ಲಿಗೂ ಓಡಿಹೋಗುವುದಿಲ್ಲ. ಕುನ್ಮಿಂಗಿನ ಯಾವುದಾದರೂ ಬೀದಿಯಲ್ಲಿ, ತರಕಾರಿಯದೋ ಕೊಡೆ ರಿಪೇರಿಯದೋ, ಒಂದು ಅಂಗಡಿಯ ಮುಂದೆ ನಿಂತು ಅದರ ಬೋರ್ಡನ್ನು ನನಗಾಗಿ ಗಟ್ಟಿಯಾಗಿ ಓದಿ.

ನೀವು ಓದಿದ್ದು ನನಗೆ ಕೇಳಿಸುವುದಿಲ್ಲ. ಆದರೆ ನಾಳೆ ಊಟಕ್ಕೆ ಕೂತಾಗ ನಾನು ನಿಮ್ಮ ಹೆಸರೆತ್ತುತ್ತೇನೆ. ಮನೆಯಲ್ಲಿ ಯಾರೂ ನಗದಿದ್ದರೆ, ನೀವು ಹೋದಿರಿ ಎಂದು ತಿಳಿದುಕೊಳ್ಳುತ್ತೇನೆ.

ನಿಮ್ಮ ಸಂಕಮ್ಮ,
ಗಡಿಯ ಆಚೆಗೆ ಅಡಿವೆಪ್ಪ